ರಜೆಗೂ ರಜಿಯಾಗೂ ಏನು ಸಂಬಂಧ? ಅರಬ್ಬಿ ಹೆಣ್ಣುಹೆಸರುಗಳ ಬೇರು ಹುಡುಕುತ್ತಾ

ಶಾಲೆಗೆ ರಜೆ. ಜಗಳವಾಡಿದವರ ನಡುವೆ ರಾಜಿ. ಮಂತ್ರಿಯ ರಾಜೀನಾಮೆ. ಮೂರೂ ನಾವು ದಿನಾ ಆಡುವ ಮಾತು. ಈಗ ಇವುಗಳ ಪಕ್ಕದಲ್ಲಿ ಒಂದು ಹೆಸರು ಇಟ್ಟು ನೋಡಿ: ರಜಿಯಾ. ನಾಲ್ಕೂ ಒಂದೇ ಬೇರಿನಿಂದ ಬಂದವು ಅಂದರೆ ನಂಬ್ತೀರಾ?

ಬೇರು ಅರಬ್ಬಿಯದು. ಒಪ್ಪುವುದು, ಮೆಚ್ಚುವುದು, ಸಮಾಧಾನ ಪಡುವುದು ಅಂತ ಅದರ ಅರ್ಥ. ಮೇಲಿನವರು ಒಪ್ಪಿ ಕೊಟ್ಟ ಅನುಮತಿ 'ರಜಾ', ಅದೇ ನಮ್ಮ ಬಾಯಲ್ಲಿ ರಜೆ ಆಯಿತು. ಇಬ್ಬರೂ ಒಪ್ಪಿದರೆ ರಾಜಿ. ಅದಕ್ಕೆ ಪರ್ಷಿಯನ್ನಿನ 'ನಾಮೆ' ಸೇರಿದರೆ ರಾಜೀನಾಮೆ, ಮೊದಲಿಗೆ ಅದು ಬರೀ ಒಪ್ಪಿಗೆ ಪತ್ರ, ಕೆಲಸ ಬಿಡುವ ಪತ್ರ ಅನ್ನುವ ಅರ್ಥ ಆಮೇಲೆ ಅಂಟಿಕೊಂಡದ್ದು. ಇನ್ನು ಎಲ್ಲರ ಮೆಚ್ಚುಗೆ ಪಡೆದವಳು, ಒಪ್ಪಿತವಾದವಳು ರಜಿಯಾ. 1236ರಿಂದ 1240ರವರೆಗೆ ದಿಲ್ಲಿಯ ಗದ್ದುಗೆಯಲ್ಲಿ ಕೂತು ಆಳಿದ ರಜಿಯಾ ಸುಲ್ತಾನಳ ಹೆಸರಿಗೂ ಇದೇ ಅರ್ಥ.

ಇದನ್ನೆಲ್ಲ ಬರೆಯಬೇಕು ಅನ್ನಿಸಿದ್ದಕ್ಕೆ ಕಾರಣ ಇದೆ. ಮಗುವಿಗೆ ಹೆಸರು ಹುಡುಕುವವರು ಫೋನು ತೆಗೆದು ನೋಡುತ್ತಾರೆ. ಅಲ್ಲಿರುವ ಪಟ್ಟಿಗಳಲ್ಲಿ ಅರ್ಧಕ್ಕರ್ಧ ಹೆಸರುಗಳಿಗೆ 'ರಾಜಕುಮಾರಿ', ಉಳಿದ ಅರ್ಧಕ್ಕೆ 'ಸುಂದರಿ' ಅಂತ ಅರ್ಥ ಬರೆದಿರುತ್ತಾರೆ. ಎಲ್ಲಿಂದ ಬಂತು, ಹೇಗೆ ಬಂತು ಅನ್ನುವುದು ಇರುವುದೇ ಇಲ್ಲ. ಆದರೆ ಅರಬ್ಬಿ ಹೆಸರುಗಳ ಅರ್ಥ ಕಂಠಪಾಠ ಮಾಡಬೇಕಾದ ವಿಷಯವೇ ಅಲ್ಲ. ಅದರ ಹಿಂದೆ ಒಂದು ಕ್ರಮ ಇದೆ, ಅದು ಕೈಗೆ ಸಿಕ್ಕರೆ ಹೊಸ ಹೆಸರು ಕೇಳಿದಾಗ ನೀವೇ ಊಹಿಸಬಹುದು. ಅದರಲ್ಲೂ ಕನ್ನಡದವರಿಗೆ ಇದು ಇನ್ನೂ ಸುಲಭ. ಕಚೇರಿಯ, ಕೋರ್ಟಿನ, ಸಂತೆಯ ಎಷ್ಟೋ ಅರಬ್ಬಿ ಮಾತು ಪರ್ಷಿಯನ್ನಿನ ಕೈ ಹಿಡಿದು ನಮ್ಮಲ್ಲಿಗೆ ಬಂದು, ಆಗಲೇ ನಮ್ಮವಾಗಿ ಕೂತಿವೆ.

ಚಕ್ಕುಲಿ ಒರಳು ನೋಡಿದ್ದೀರಲ್ವಾ? ಹಿಟ್ಟು ಹೆಚ್ಚುಕಮ್ಮಿ ಅದೇ, ಕೆಳಗಿನ ಬಿಲ್ಲೆ ಬದಲಾಯಿಸಿದರೆ ಒಮ್ಮೆ ಚಕ್ಕುಲಿ, ಒಮ್ಮೆ ಸೇವೆ, ಒಮ್ಮೆ ರಿಬ್ಬನ್ ಪಕೋಡ. ಅರಬ್ಬಿ ಭಾಷೆಯೂ ಹಾಗೇ. ಹಿಟ್ಟು ಅಂದರೆ ಮೂರು ವ್ಯಂಜನ. ಬಿಲ್ಲೆ ಅಂದರೆ ಅವುಗಳ ನಡುವೆ ತುಂಬುವ ಸ್ವರಗಳು, ಕೆಲವೊಮ್ಮೆ ಮುಂದೆ ಹಿಂದೆ ಅಂಟುವ ಒಂದೆರಡು ಅಕ್ಷರ. ಸ-ಲ-ಮ ಅನ್ನುವ ಹಿಟ್ಟು ತೆಗೆದುಕೊಳ್ಳಿ. ಸುರಕ್ಷಿತವಾಗಿರುವುದು, ಶಾಂತವಾಗಿರುವುದು ಅಂತ ಅದರ ಒಳಗಿನ ಅರ್ಥ. ಅದರಿಂದಲೇ ಸಲಾಂ, ಇಸ್ಲಾಂ, ಮುಸ್ಲಿಂ. ಅದರಿಂದಲೇ ಹುಡುಗಿಯರ ಹೆಸರು ಸಲ್ಮಾ, ಸಲೀಮಾ, ಸಾಲಿಮಾ. ಮೂರು ಹೆಸರಲ್ಲೂ ಸ, ಲ, ಮ ಜಾಗ ಬಿಟ್ಟು ಅಲುಗಿಲ್ಲ ನೋಡಿ.

ಹೆಣ್ಣುಹೆಸರಿಗೆ ಜಾಸ್ತಿ ಬಳಕೆಯಾಗುವ ಬಿಲ್ಲೆ ಮೂರು. ಮೊದಲನೆಯದು 'ಆ-ಇ-ಆ': ಸಾಜಿದಾ, ಆಬಿದಾ, ಶಾಕಿರಾ, ಫಾತಿಮಾ. ಇದು ಕೆಲಸ ಮಾಡುವವಳನ್ನು ಹೇಳುತ್ತದೆ, ನಮ್ಮ 'ಹಾಡುವವಳು', 'ಓದುವವಳು' ಇದ್ದ ಹಾಗೆ. ಸಾಜಿದಾ ಅಂದರೆ ಹಣೆ ನೆಲಕ್ಕೆ ಮುಟ್ಟಿಸಿ ನಮಿಸುವವಳು. ಹಾಗೆ ನಮಿಸುವ ಜಾಗ ಮಸ್ಜಿದ್, ಅಂದರೆ ನಮ್ಮ ಮಸೀದಿ. ಎರಡರಲ್ಲೂ ಹಿಟ್ಟು ಒಂದೇ. ಶಾಕಿರಾ ಕೃತಜ್ಞತೆ ಸಲ್ಲಿಸುವವಳು, ಶುಕ್ರಿಯಾ ನೆನಪಿಸಿಕೊಂಡರೆ ಸಾಕು. ಎರಡನೆಯ ಬಿಲ್ಲೆ 'ಅ-ಈ-ಆ': ಕರೀಮಾ, ಜಮೀಲಾ, ಲತೀಫಾ, ಅಮೀನಾ. ಇದು ಮಾಡುವ ಕೆಲಸಕ್ಕಿಂತ ಇರುವ ಗುಣ ಹೇಳುತ್ತದೆ: ಉದಾರಿ, ಚೆಲುವೆ, ಮೃದು ಮನಸ್ಸಿನವಳು, ನಂಬಿಕಸ್ಥೆ. ಮೂರನೆಯದು ಮುಂದೆ 'ಮ' ಹಾಕಿ ನಡುವೆ 'ಊ' ಎಳೆಯುವುದು: ಮಹಬೂಬಾ, ಮಹಮೂದಾ. ಬೇರೆಯವರ ಪ್ರೀತಿಯೋ ಹೊಗಳಿಕೆಯೋ ಯಾರಿಗೆ ಸಿಕ್ಕಿದೆಯೋ ಅವಳು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಮಾಬುಬಿ ಅನ್ನುವ ಅಜ್ಜಿಯರು ಎಷ್ಟೋ ಜನ ಇದ್ದಾರೆ. 'ಮಹಬೂಬ್' ಸವೆದು 'ಮಾಬು' ಆಯಿತು, ಮೇಲೆ ಗೌರವದ 'ಬಿ' ಸೇರಿತು. ಕರೆದಾಗಲೆಲ್ಲ ನಾವು ಆ ಅಜ್ಜಿಗೆ 'ಪ್ರೀತಿಪಾತ್ರಳೇ' ಅಂತಲೇ ಹೇಳುತ್ತಿರುತ್ತೇವೆ.

ಅಮೀನಾ ಅಂದೆನಲ್ಲ, ಅಲ್ಲಿ ಸ್ವಲ್ಪ ನಿಲ್ಲಬೇಕು. ಅದರ ಬೇರಿನಲ್ಲಿ ನಂಬಿಕೆಯೂ ಇದೆ, ಭದ್ರತೆಯೂ ಇದೆ. ಕೋರ್ಟಿನ ಅಮೀನ ಅಂದರೆ ನಂಬಿ ಕೆಲಸ ಒಪ್ಪಿಸಬಹುದಾದವನು. ನಂಬಿ ಇನ್ನೊಬ್ಬರ ಕೈಯಲ್ಲಿ ಇಟ್ಟದ್ದು ಅಮಾನತು. ಈಗ ನೌಕರರನ್ನು 'ಅಮಾನತು ಮಾಡಿದರು' ಅಂತ ಸುದ್ದಿ ಓದುವಾಗ ಇದು ಯಾರಿಗೂ ಹೊಳೆಯುವುದಿಲ್ಲ. ಇದೇ ಬೇರಿನಲ್ಲಿ ಇನ್ನೊಂದು ಹೆಸರು ಇದೆ, ಆಮಿನಾ. ಮೊದಲು ದೀರ್ಘ, ಆಮೇಲೆ ಹ್ರಸ್ವ. ಇದು ಮೊದಲನೆಯ ಬಿಲ್ಲೆಯದು, ಅರ್ಥ 'ಭಯವಿಲ್ಲದೆ ನೆಮ್ಮದಿಯಾಗಿರುವವಳು'. ಪ್ರವಾದಿ ಮುಹಮ್ಮದರ ತಾಯಿಯ ಹೆಸರು ಇದು, ಅಮೀನಾ ಅಲ್ಲ. ಇಂಗ್ಲಿಷಿನಲ್ಲಿ ಬರೆದರೆ ಎರಡೂ ಒಂದೇ ಥರ ಕಾಣುತ್ತವೆ, ಅರ್ಥದ ಪಟ್ಟಿಗಳಲ್ಲಿ ಗೊಂದಲ ಶುರುವಾಗುವುದೇ ಅಲ್ಲಿಂದ. ಕನ್ನಡದಲ್ಲಿ ಆ ತೊಂದರೆ ಇಲ್ಲ. ನಮ್ಮ ದೀರ್ಘ ಹ್ರಸ್ವ ಸರಿಯಾಗಿ ಬಳಸಿದರೆ ಯಾವ ಬಿಲ್ಲೆಯ ಹೆಸರು ಅನ್ನುವುದು ನೋಡಿದ ಕೂಡಲೇ ಗೊತ್ತಾಗುತ್ತದೆ. ನನಗೆ ಇದು ತುಂಬಾ ಖುಷಿ ಕೊಡುವ ವಿಷಯ.

ಈಗ ಎಲ್ಲರಿಗೂ ಗೊತ್ತಿರುವ ಮೂರು ಹೆಸರು ನೋಡೋಣ, ಯಾಕಂದರೆ ಇವುಗಳ ಅರ್ಥವೇ ಜನಕ್ಕೆ ಕಡಿಮೆ ಗೊತ್ತು.

ಫಾತಿಮಾ. ಬೇರಿನ ಅರ್ಥ ಮಗುವಿಗೆ ಎದೆಹಾಲು ಬಿಡಿಸುವುದು. ಹಾಗಾಗಿ ಫಾತಿಮಾ ಅಂದರೆ ಹಾಲು ಬಿಡಿಸುವವಳು, ಮಗುವನ್ನು ಆ ಘಟ್ಟ ದಾಟಿಸಿದ ತಾಯಿ. ಇದೆಂಥ ಹೆಸರು ಅನ್ನಿಸಬಹುದು. ಆದರೆ ಆ ಕಾಲ ನೆನಪಿಸಿಕೊಳ್ಳಿ. ಮರಳುಗಾಡಿನ ಬದುಕು, ಹುಟ್ಟಿದ ಮಗು ಉಳಿಯುತ್ತದೋ ಇಲ್ಲವೋ ಅನ್ನುವ ಭಯ. ನಿನ್ನ ಮಗು ಹಾಲು ಬಿಟ್ಟು ಅನ್ನ ತಿನ್ನುವಷ್ಟು ದೊಡ್ಡದಾಗಲಿ, ಅದನ್ನು ನೋಡಲು ನೀನೂ ಗಟ್ಟಿಯಾಗಿರು ಅಂತ ಹಾರೈಸಿದ ಹೆಸರು ಇದು ಅಂತ ನನಗೆ ಅನ್ನಿಸುತ್ತದೆ. ಪ್ರವಾದಿಯವರ ಮಗಳ ಹೆಸರಾಗಿ ಇದು ಲೋಕಕ್ಕೆಲ್ಲ ಹರಡಿತು. 909ರಿಂದ 1171ರವರೆಗೆ ಆಳಿದ ಫಾತಿಮಿ ಖಲೀಫರು ತಮ್ಮನ್ನು ಕರೆದುಕೊಂಡದ್ದು ಅವರ ವಂಶ ಅಂತಲೇ. ಅರಬ್ಬರು ಆಳಿದ ನೆಲವಾದ ಪೋರ್ಚುಗಲ್ಲಿನಲ್ಲಿ ಫಾತಿಮಾ ಅನ್ನುವ ಒಂದು ಊರಿದೆ. 1917ರಲ್ಲಿ ಅಲ್ಲಿ ಮೂವರು ಮಕ್ಕಳಿಗೆ ಮಾತೆ ಮರಿಯಮ್ಮ ಕಾಣಿಸಿಕೊಂಡರು ಎಂಬ ನಂಬಿಕೆಯಿಂದ ಅದು ಕ್ಯಾಥೊಲಿಕರ ದೊಡ್ಡ ಯಾತ್ರಾಸ್ಥಳವಾಯಿತು. ಮಂಗಳೂರು ಕಡೆಯ ಕ್ರೈಸ್ತರ ಬಾಯಲ್ಲಿ 'ಫಾತಿಮಾ ಮಾತೆ' ಅಂತ ಕೇಳಿದರೆ ಅದು ಬಂದದ್ದು ಈ ದಾರಿಯಿಂದ. ಒಂದು ಅರಬ್ಬಿ ಹೆಸರು ಎರಡು ಧರ್ಮದ ದಾರಿ ಹಿಡಿದು, ಬೇರೆ ಬೇರೆ ಕಾಲದಲ್ಲಿ, ಒಂದೇ ಕರಾವಳಿಗೆ ಬಂದು ಸೇರಿದೆ.

ಆಯಿಷಾ. ಬದುಕಿರುವವಳು, ಜೀವಂತಿಕೆ ತುಂಬಿದವಳು. ನಮ್ಮ ಐಷಾರಾಮದಲ್ಲಿ ಇರುವ 'ಐಷ್' ಇದರ ಒಡಹುಟ್ಟು. ಅರಬ್ಬಿಯ ಐಷ್ ಅಂದರೆ ಬದುಕು, ಅದಕ್ಕೆ ಪರ್ಷಿಯನ್ನಿನ 'ಆರಾಮ' ಸೇರಿತು. ಆದರೆ ಈಜಿಪ್ಟಿನ ಬೀದಿಯಲ್ಲಿ 'ಏಶ್' ಅಂತ ಕೇಳಿದರೆ ಅಂಗಡಿಯವನು ರೊಟ್ಟಿ ಕೊಡುತ್ತಾನೆ. ಅಲ್ಲಿ ರೊಟ್ಟಿಗೆ ಅದೇ ಹೆಸರು. ಒಂದೇ ಮಾತು ನಮ್ಮಲ್ಲಿ ಸುಖದ ಕಡೆಗೆ ಹೋಯಿತು, ಅಲ್ಲಿ ಹೊಟ್ಟೆಯ ಕಡೆಗೆ.

ಖದೀಜಾ. ಮಕ್ಕಾದ ದೊಡ್ಡ ವ್ಯಾಪಾರಿ, ಪ್ರವಾದಿಯವರ ಮೊದಲ ಪತ್ನಿ. ಹೆಸರಿನ ಅರ್ಥ 'ದಿನ ತುಂಬುವ ಮೊದಲೇ ಹುಟ್ಟಿದವಳು'. ಹೆಣ್ಣೊಂಟೆ ಅವಧಿಗೆ ಮುಂಚೆ ಮರಿ ಹಾಕಿದರೆ ಅರಬ್ಬರು ಬಳಸುತ್ತಿದ್ದ ಕ್ರಿಯಾಪದ ಇದರ ಬೇರು. ಈ ಹೆಸರಿನ ಬಗ್ಗೆ ಆಮೇಲೆ ಇನ್ನೊಂದು ಮಾತು ಹೇಳುವುದಿದೆ.

ಅರಬ್ಬಿಯಲ್ಲಿ ಮುದ್ದಿಗಾಗಿಯೇ ಒಂದು ಬಿಲ್ಲೆ ಇದೆ. ನಾವು ಪುಟ್ಟಿ, ಚಿನ್ನಿ ಅಂತ ಬೇರೆ ಮಾತು ಸೇರಿಸಬೇಕು, ಅವರು 'ಉ-ಐ' ಅಂತ ಸ್ವರ ಬದಲಾಯಿಸಿದರೆ ಸಾಕು, ವಸ್ತು ಚಿಕ್ಕದಾಗಿ ಮುದ್ದಾಗಿಬಿಡುತ್ತದೆ. ಜಾರಿಯಾ ಅಂದರೆ ಹುಡುಗಿ, ಜುವೈರಿಯಾ ಅಂದರೆ ಪುಟ್ಟ ಹುಡುಗಿ. ಇದರಲ್ಲಿ ನನಗೆ ತುಂಬಾ ಇಷ್ಟವಾದದ್ದು ಜುಬೈದಾ. 'ಜುಬ್ದಾ' ಅಂದರೆ ಬೆಣ್ಣೆ. 762ರಲ್ಲಿ ಬಗ್ದಾದ್ ನಗರ ಕಟ್ಟಿಸಲು ಶುರು ಮಾಡಿದ ಖಲೀಫ ಅಲ್ ಮನ್ಸೂರನಿಗೆ ಒಬ್ಬಳು ಮೊಮ್ಮಗಳಿದ್ದಳು, ದುಂಡಗೆ ಬೆಳ್ಳಗೆ ಇದ್ದ ಮಗು. ಅಜ್ಜ ಅವಳನ್ನು ಎತ್ತಿ ಆಡಿಸುತ್ತಾ ಜುಬೈದಾ, ಜುಬೈದಾ ಅನ್ನುತ್ತಿದ್ದನಂತೆ. ಪುಟ್ಟ ಬೆಣ್ಣೆಮುದ್ದೆ! ಹುಟ್ಟು ಹೆಸರು ಬೇರೆಯೇ ಇತ್ತು, ಅಡ್ಡಹೆಸರೇ ನಿಂತುಬಿಟ್ಟಿತು. ಅವಳೇ ಮುಂದೆ ಹಾರೂನ್ ಅಲ್ ರಶೀದನ ರಾಣಿಯಾದಳು. ಇರಾಕಿನ ಕೂಫಾದಿಂದ ಮಕ್ಕಾಗೆ ಹೋಗುವ ಸಾವಿರ ಕಿಲೋಮೀಟರಿಗೂ ಜಾಸ್ತಿ ಉದ್ದದ ಯಾತ್ರೆಯ ದಾರಿಯಲ್ಲಿ ಬಾವಿ, ಕೆರೆ, ತಂಗುದಾಣ ಕಟ್ಟಿಸಿದಳು. ಆ ದಾರಿಯನ್ನು ಇವತ್ತಿಗೂ ದರ್ಬ್ ಜುಬೈದಾ, ಅಂದರೆ ಜುಬೈದಾಳ ದಾರಿ ಅಂತಲೇ ಕರೆಯುತ್ತಾರೆ. ಅಜ್ಜನ ಮುದ್ದಿನ ಮಾತು ಮರಳುಗಾಡಿನ ಮೇಲೆ ಹೆದ್ದಾರಿಯ ಹೆಸರಾಗಿ ಉಳಿದಿದೆ.

ಸರಿ, ಈಗ ನುಸ್ರತ್, ಇಫ್ಫತ್, ಇಶ್ರತ್ ಥರದ ಹೆಸರುಗಳು. ಕೊನೆಯಲ್ಲಿ 'ಆ' ಬರುವ ಬದಲು 'ತ್' ಯಾಕೆ? ಅರಬ್ಬಿಯಲ್ಲಿ ಸ್ತ್ರೀಲಿಂಗ ತೋರಿಸಲು ಕೊನೆಯಲ್ಲಿ ಒಂದು ಅಕ್ಷರ ಬರುತ್ತದೆ, ಮಾತು ಅಲ್ಲಿಗೇ ನಿಂತರೆ ಅದನ್ನು 'ಅ' ಅಂತ ಓದುತ್ತಾರೆ, ಮುಂದಕ್ಕೆ ಜೋಡಿಸಿದರೆ 'ಅತ್' ಆಗುತ್ತದೆ. ಪರ್ಷಿಯನ್ನರು ಎಷ್ಟೋ ಮಾತಿನಲ್ಲಿ ಆ 'ಅತ್' ಅನ್ನೇ ಉಳಿಸಿಕೊಂಡರು. ನಾವು ಅದಕ್ಕೆ ನಮ್ಮ 'ಉ' ಸೇರಿಸಿದೆವು. ತಾಕತ್ತು, ಕಸರತ್ತು, ದೌಲತ್ತು, ಮಸಲತ್ತು, ಅಮಾನತು ಎಲ್ಲ ಆ ದಾರಿಯಲ್ಲಿ ಬಂದವು. ನುಸ್ರತ್ ಅಂದರೆ ನೆರವು, ಗೆಲ್ಲಿಸುವ ಬೆಂಬಲ. ತಾಕತ್ತಿನ ಬಾಲ ಮತ್ತು ನುಸ್ರತ್‌ನ ಬಾಲ ಒಂದೇ. ಹಾಗಂತ ಬಾಲ ನೋಡಿ ಲಿಂಗ ಹೇಳಲು ಹೋಗಬೇಡಿ. ಹಂಜಾ, ತಲ್ಹಾ ಗಂಡಸರ ಹೆಸರು. ಮರ್ಯಮ್, ಜೈನಬ್ ಹೆಂಗಸರ ಹೆಸರು. ಹೆಂಗಸರಿಗೆ 'ಹಿಂದ್' ಅಂತಲೂ ಇಡುತ್ತಾರೆ, ಇಸ್ಲಾಮಿಗಿಂತ ಹಳೆಯ ಅರಬ್ ಹೆಸರು ಅದು. ನಮ್ಮ ದೇಶಕ್ಕೂ ಅವರ ಭಾಷೆಯಲ್ಲಿ ಅದೇ ಹೆಸರು!

ಕಮರುನ್ನಿಸಾ, ಖೈರುನ್ನಿಸಾ ಅನ್ನುವ ಉದ್ದ ಹೆಸರುಗಳನ್ನು ಬಿಡಿಸುವುದು ನನಗೆ ಸಂಧಿ ಬಿಡಿಸಿದಷ್ಟೇ ಇಷ್ಟ. ಅದು ನಿಜಕ್ಕೂ ಸಂಧಿಯೇ. ಕಮರ್ ಅಂದರೆ ಚಂದ್ರ. ಕರ್ತೃವಾಗಿ ನಿಂತಾಗ ಅರಬ್ಬಿ ವ್ಯಾಕರಣ ಅದಕ್ಕೆ 'ಉ' ಹಚ್ಚುತ್ತದೆ, ಕಮರು. ನಮ್ಮ ಪ್ರಥಮಾ ವಿಭಕ್ತಿಯ 'ಉ' ನೆನಪಾಯಿತಾ? ಎರಡು ಭಾಷೆಗೂ ನೆಂಟಸ್ತಿಕೆ ಇಲ್ಲ, ಸುಮ್ನೆ ಕಾಕತಾಳೀಯ. ನಿಸಾ ಅಂದರೆ ಹೆಂಗಸರು, ಅದರ ಹಿಂದೆ 'ಅಲ್' ಇದೆ, ಇಂಗ್ಲಿಷಿನ 'the' ಇದ್ದ ಹಾಗೆ. ಅಲ್ ಮುಂದೆ ನ, ರ, ಸ, ಶ ಥರದ ಅಕ್ಷರ ಬಂದರೆ ಲಕಾರ ಬಿದ್ದು ಆ ಅಕ್ಷರವೇ ಎರಡಾಗುತ್ತದೆ. 28 ಅಕ್ಷರಗಳಲ್ಲಿ 14 ಹೀಗೆ ಮಾಡುತ್ತವೆ. ಕಮರು, ಅಲ್, ನಿಸಾ ಸೇರಿ ಕಮರುನ್ನಿಸಾ, ಹೆಂಗಸರಲ್ಲಿ ಚಂದ್ರನಂಥವಳು. ಉಳಿದ 14 ಅಕ್ಷರಗಳ ಮುಂದೆ 'ಲ್' ಹಾಗೇ ಉಳಿಯುತ್ತದೆ, ಅದಕ್ಕೇ ಖುರ್ರತುಲ್ ಐನ್. ಈ ಹೆಸರಿನ ಅರ್ಥವಂತೂ ಕನ್ನಡದವರಿಗೆ ಬಿಡಿಸಿ ಹೇಳಬೇಕಾಗಿಯೇ ಇಲ್ಲ: ಕಣ್ಣಿನ ತಂಪು. ಬಹಳ ದಿನದ ಮೇಲೆ ಊರಿಗೆ ಬಂದ ಮಗಳನ್ನು ಬಾಗಿಲಲ್ಲೇ ನಿಲ್ಲಿಸಿ 'ಕಣ್ಣು ತಂಪಾಯಿತು ನೋಡವ್ವಾ' ಅನ್ನುವುದಿಲ್ಲವೇ, ಅದೇ. ಸುಡುವ ಬಿಸಿಲಿನ ನಾಡಿನವರಿಗೂ ಬಿಸಿಲ ಸೀಮೆಯ ನಮ್ಮವರಿಗೂ ಸಂತೋಷ ಅಂದರೆ ತಂಪು. ಕುರಾನಿನಲ್ಲಿ ಈಜಿಪ್ಟಿನ ದೊರೆ ಫರೋಹನ ಹೆಂಡತಿ ಹೊಳೆಯಲ್ಲಿ ಸಿಕ್ಕ ಕೂಸು ಮೂಸಾನನ್ನು (ಮುಂದೆ ಪ್ರವಾದಿಯಾದ ಮೋಸೆಸ್) ನೋಡಿ ಹೇಳುವುದೂ ಇದೇ ಮಾತು, ಈ ಮಗು ನನಗೂ ನಿನಗೂ ಕಣ್ಣಿನ ತಂಪು, ಇವನನ್ನು ಕೊಲ್ಲಬೇಡಿ ಅಂತ.

ಮುಸ್ಲಿಮರ ಹೆಸರೆಲ್ಲ ಅರಬ್ಬಿ ಅಂತ ತಿಳಿದವರು ಜಾಸ್ತಿ. ಹಾಗೇನಿಲ್ಲ. ಮರ್ಯಮ್ ಅನ್ನುವುದು ಹೀಬ್ರೂ ಕಡೆಯಿಂದ ಬಂದದ್ದು. ಕುರಾನಿನಲ್ಲಿ ಹೆಸರು ಹಿಡಿದು ಹೇಳಿರುವ ಒಬ್ಬಳೇ ಹೆಣ್ಣು ಆಕೆ, 19ನೇ ಅಧ್ಯಾಯಕ್ಕೆ ಆಕೆಯದೇ ಹೆಸರು. ಸಾರಾ, ಹವ್ವಾ ಕೂಡ ಹಾಗೇ ಹೀಬ್ರೂ ಮೂಲದವು. ಯಾಸ್ಮೀನ್, ನಸ್ರೀನ್, ಶಬನಮ್, ಬಾನು ಪರ್ಷಿಯನ್. ರೇಷ್ಮಾ ಕೂಡ ಪರ್ಷಿಯನ್, ನಮ್ಮ ರೇಷ್ಮೆಯೇ. ಬೇಗಂ ತುರ್ಕಿ. ಮೆಹರುನ್ನಿಸಾದಲ್ಲಿ ಮೊದಲರ್ಧ ಪರ್ಷಿಯನ್, ಉಳಿದರ್ಧ ಅರಬ್ಬಿ. ರೆಹಾನಾ ಅರಬ್ಬಿಯೇ, ಪರಿಮಳದ ಗಿಡ, ಅದರಲ್ಲೂ ಕಾಮಕಸ್ತೂರಿ. ಫಾಲೂದಾದ ಮೇಲೆ ನೀರಲ್ಲಿ ನೆನೆದು ಕಪ್ಪೆಮೊಟ್ಟೆಯಂತೆ ಉಬ್ಬಿದ ಕಪ್ಪು ಬೀಜ ಹಾಕುತ್ತಾರಲ್ಲ, ಅದು ಈ ಗಿಡದ್ದು. ಇನ್ನೊಂದು ಚೆಂದದ ಜೋಡಿ ಇದೆ. ಸುರಯ್ಯಾ ಅರಬ್ಬಿ, ಪರ್ವೀನ್ ಪರ್ಷಿಯನ್, ಎರಡಕ್ಕೂ ಅರ್ಥ ಆಕಾಶದಲ್ಲಿ ಗೊಂಚಲಾಗಿ ಕಾಣುವ ಒಂದು ನಕ್ಷತ್ರಪುಂಜ. ನಾವು ಅದನ್ನು ಕೃತ್ತಿಕಾ ಅನ್ನುತ್ತೇವೆ. ಒಂದೇ ತರಗತಿಯಲ್ಲಿ ಸುರಯ್ಯಾ, ಪರ್ವೀನ್, ಕೃತ್ತಿಕಾ ಮೂವರೂ ಒಂದೇ ಬೆಂಚಿನಲ್ಲಿ ಕೂತಿರಬಹುದು, ಮೂವರ ಹೆಸರಿಗೂ ಅರ್ಥ ಒಂದೇ ಅಂತ ಅವರಿಗೇ ಗೊತ್ತಿರಲಿಕ್ಕಿಲ್ಲ.

ಇಷ್ಟು ಹೇಳಿದ ಮೇಲೆ ಎಚ್ಚರಿಕೆಯ ಮಾತು ಹೇಳದಿದ್ದರೆ ತಪ್ಪಾಗುತ್ತದೆ. ಅರಬ್ಬಿಯಲ್ಲಿ ನಮ್ಮಲ್ಲಿಲ್ಲದ ಎಷ್ಟೋ ಉಚ್ಚಾರಗಳಿವೆ. ಗಂಟಲಿನ ಆಳದಿಂದ ಬರುವ ಅಕ್ಷರ ಇದೆ, ಹಕಾರ ಎರಡು ಥರ, ಸಕಾರದ ಹಾಗೆ ನಮ್ಮ ಕಿವಿಗೆ ಕೇಳುವವು ಮೂರು. ಕನ್ನಡಕ್ಕೆ ಬಂದಾಗ ಅವೆಲ್ಲ ಒಂದಾಗಿಬಿಡುತ್ತವೆ. ದೀರ್ಘ ಹ್ರಸ್ವ ನಮ್ಮ ಕೈಹಿಡಿಯುತ್ತದೆ, ವ್ಯಂಜನ ಕೈಕೊಡುತ್ತದೆ. ಹಾಜಿರಾ ಅಂದಾಗ 'ಹಾಜರ್ ಸಾರ್' ನೆನಪಾಗುತ್ತದೆ, ಆದರೆ ಆ ಹಾಜರಿಗೂ ಈ ಹೆಸರಿಗೂ ಸಂಬಂಧ ಇಲ್ಲ. ಹಾಜಿರಾ ಅಂದರೆ ಇಬ್ರಾಹೀಮರ ಪತ್ನಿ ಹಾಜರ್, ಮಗುವಿಗೆ ನೀರು ಹುಡುಕುತ್ತಾ ಸಫಾ ಮತ್ತು ಮರ್ವಾ ಗುಡ್ಡಗಳ ನಡುವೆ ಏಳು ಸಲ ಓಡಿದ ತಾಯಿ. ಹಜ್ ಯಾತ್ರಿಕರು ಈಗಲೂ ಅವಳ ನೆನಪಲ್ಲಿ ಅಲ್ಲಿ ಏಳು ಸಲ ನಡೆಯುತ್ತಾರೆ. ಸಫಾ, ಮರ್ವಾ ಕೂಡ ಹೆಣ್ಣುಮಕ್ಕಳ ಹೆಸರಾಗಿವೆ. ಅಮಲ್ ಅನ್ನುವ ಹೆಸರಿನ ಅರ್ಥ ಆಸೆ, ಭರವಸೆ. ನಮ್ಮ ಅಮಲು, ಅಮಲ್ದಾರ ಬಂದದ್ದು ಬೇರೆ ಅಕ್ಷರದಿಂದ ಶುರುವಾಗುವ, 'ಕೆಲಸ' ಎಂಬ ಅರ್ಥದ ಬೇರೆ ಮಾತಿನಿಂದ. ಜಾಹಿರಾ ಇನ್ನೂ ಕಷ್ಟ. ಒಂದು ಅಕ್ಷರದಲ್ಲಿ ಬರೆದರೆ 'ಹೊಳೆಯುವವಳು', ಇನ್ನೊಂದರಲ್ಲಿ ಬರೆದರೆ 'ಎದ್ದು ಕಾಣುವವಳು'. ನಮ್ಮ ಜಾಹೀರಾತು ಈ ಎರಡನೆಯದರ ಮನೆಯದು. ಸನಾ ಕೂಡ ಹಾಗೇ, ಒಂದು 'ಕಾಂತಿ', ಇನ್ನೊಂದು 'ಹೊಗಳಿಕೆ'.

ಎಲ್ಲಕ್ಕಿಂತ ಅಪಾಯದ ಜೋಡಿ ಆಸಿಯಾ. ಮೂಸಾನನ್ನು ಉಳಿಸಿದ ಆ ಫರೋಹನ ಹೆಂಡತಿಯನ್ನು ಮುಸ್ಲಿಮರು ಆಸಿಯಾ ಅಂತ ಕರೆಯುತ್ತಾರೆ, ತುಂಬಾ ಗೌರವದ ಹೆಸರು. ಅದೇ ಹೆಸರನ್ನು ಗಂಟಲಕ್ಷರ ಮತ್ತು ದಪ್ಪ ಸಕಾರ ಹಾಕಿ ಬರೆದರೆ 'ಮಾತು ಕೇಳದವಳು, ಅವಿಧೇಯಳು' ಅಂತ ಆಗುತ್ತದೆ. ಪ್ರವಾದಿಯವರು ಆ ಎರಡನೆಯ ಹೆಸರಿದ್ದ ಒಬ್ಬಳಿಗೆ ಜಮೀಲಾ ಅಂತ ಹೆಸರು ಬದಲಾಯಿಸಿದರು ಅಂತ ಅವರ ನಡೆನುಡಿಯ ದಾಖಲೆಯಾದ ಹದೀಸಿನಲ್ಲಿದೆ. ಕನ್ನಡದಲ್ಲಿ ಎರಡೂ ಒಂದೇ ಆಸಿಯಾ. ಹಾಗಾಗಿ ಹೆಸರಿಡುವವರು ಕೇಳಿದರೆ ನಾನು ಹೇಳುವುದು ಇಷ್ಟು: ಮೊದಲು ಅರಬ್ಬಿ ಅಕ್ಷರದಲ್ಲಿ ಹೇಗೆ ಬರೆಯುತ್ತಾರೆ ಅಂತ ಗೊತ್ತಿರುವವರ ಹತ್ತಿರ ಬರೆಸಿಕೊಳ್ಳಿ. ಮೂರು ಬೇರಿನ ಅಕ್ಷರ ಯಾವುದು ಅಂತ ಕೇಳಿ. ಅದು ಸಿಕ್ಕ ಮೇಲೆ ಅರ್ಥ ತಾನಾಗಿ ಸಿಗುತ್ತದೆ, ಇಂಗ್ಲಿಷ್ ಸ್ಪೆಲ್ಲಿಂಗ್ ನೋಡಿ ಮಾತ್ರ ಹುಡುಕಬೇಡಿ.

ಖದೀಜಾ ಬಗ್ಗೆ ಇನ್ನೊಂದು ಮಾತು ಅಂದಿದ್ದೆ. ನಮ್ಮ ಕೆಳಗಿನ ಮನೆಯಲ್ಲಿ ಹೆಣ್ಣುಮಗು ಹುಟ್ಟಿ ಏಳನೆಯ ದಿನಕ್ಕೆ ಅಖೀಖಾ, ಅಂದರೆ ಮಗು ಹುಟ್ಟಿದ್ದಕ್ಕೆ ಮಾಡುವ ಶಾಸ್ತ್ರ, ಇತ್ತು. ಮನೆಯ ಅಜ್ಜಿಗೆ ಖದೀಜಾ ಅಂತಲೇ ಇಡಬೇಕು. ಮಗುವಿನ ಅಪ್ಪ ಹಿಂದಿನ ರಾತ್ರಿ ಫೋನಲ್ಲಿ ಅರ್ಥ ನೋಡಿ ಮುಖ ಸಣ್ಣ ಮಾಡಿಕೊಂಡು ನನ್ನ ಹತ್ತಿರ ಬಂದ. "ಅವಧಿಗೆ ಮುಂಚೆ ಹುಟ್ಟಿದವಳು ಅಂತ ಇದೆಯಲ್ಲ ಸರ್, ಇದು ನಿಜವಾ? ಬೇರೆ ಹುಡುಕೋದಾ?" ಅಂದ. ನಿಜ ಅಂತಲೇ ಹೇಳಿದೆ. ನಿಘಂಟಿನಲ್ಲಿ ಇರುವುದು ಅದೇ, ಮುಚ್ಚಿಡುವುದು ಯಾಕೆ? ಅಷ್ಟರಲ್ಲಿ ಅಜ್ಜಿ ಮೆಟ್ಟಿಲ ಕೆಳಗಿಂದಲೇ ಕೂಗಿದರು. "ಅರ್ಥ ನೋಡಿ ಯಾರು ಇಡ್ತಾರಪ್ಪಾ, ಆ ತಾಯಿ ಹೆಸರು ಅಂತ ಇಡೋದು. ನಮ್ಮಮ್ಮನ ಹೆಸರೂ ಅದೇ." ಅಜ್ಜಿ ಕರಾವಳಿ ಕಡೆಯವರು. ಅವರ ಅಮ್ಮನನ್ನು ಊರಲ್ಲಿ ಎಲ್ಲರೂ ಕರೆಯುತ್ತಿದ್ದದ್ದು ಖತೀಜಮ್ಮ ಅಂತ. ಆ ಕಡೆ ಆಯಿಷಾ ಐಸಮ್ಮ ಆಗುತ್ತಾಳೆ, ಹವ್ವಾ ಅವ್ವಮ್ಮ ಆಗುತ್ತಾಳೆ, ಬೀಫಾತಿಮಾ ಬೀಪಾತುಮ್ಮ ಆಗುತ್ತಾಳೆ. ಅರಬ್ಬಿಯ ಸ್ತ್ರೀಲಿಂಗದ ಬಾಲ ಸಾಲದು ಅಂತ ನಮ್ಮ ಅಮ್ಮನನ್ನೂ ಸೇರಿಸಿಕೊಂಡ ಹೆಸರುಗಳು ಅವು.

ಜನನ ಪತ್ರಕ್ಕೆ ಅರ್ಜಿ ತುಂಬುವಾಗ ಅವನು ಮತ್ತೆ ಬಂದ. ಹೇಗೆ ಬರೆಯೋದು ಅಂತ ಕೇಳಿದ. ಖಕಾರಕ್ಕೆ ಮಹಾಪ್ರಾಣ ಬಿಡಬೇಡ, ದೀ ಅಂತ ದೀರ್ಘ ಕೊಡು, ಕೊನೆಗೆ ಜಾ ಅಂದೆ. ಅವನು ಪೆನ್ನು ತೆಗೆದು ಒಂದೊಂದೇ ಅಕ್ಷರ ಬಾಯಲ್ಲಿ ಹೇಳಿಕೊಂಡು ಬರೆದ: ಖದೀಜಾ. ಅಷ್ಟೊತ್ತಿಗೆ ಒಳಗೆ ಮಗು ಅಳಲು ಶುರು ಮಾಡಿತು, ಅಜ್ಜಿ "ಬಂದೆ ಬಂದೆ, ಖತೀಜಮ್ಮಾ" ಅನ್ನುತ್ತಾ ತೊಟ್ಟಿಲ ಹತ್ತಿರ ಹೋದರು.